ದಣಿವಿನ ಬಾಯಿ ಮುಚ್ಚಿಸಬೇಡಿ

ಇಪ್ಪತ್ತೊಂದು ಹಂತ, ಸುಮಾರು 3,300 ಕಿಲೋಮೀಟರ್ ದಾರಿ, ಮೂರು ವಾರದ ನಡುವೆ ವಿಶ್ರಾಂತಿಗೆಂದು ಸಿಗುವುದು ಎರಡೇ ದಿನ. ಸಾಮಾನ್ಯವಾಗಿ ಜುಲೈ ತಿಂಗಳಲ್ಲಿ ನಡೆಯುವ ‘ಟೂರ್ ದ ಫ್ರಾನ್ಸ್’ ಸೈಕಲ್ ಸ್ಪರ್ಧೆಯ ಲೆಕ್ಕ ಇದು. 1903ರಲ್ಲಿ ಪ್ರಾರಂಭವಾದ ಈ ಸ್ಪರ್ಧೆ 1910ರಲ್ಲಿ ಪಿರನೀಸ್ ಪರ್ವತಗಳ ಎತ್ತರದ ಘಟ್ಟಗಳನ್ನು ಏರಿತು. ಅಂದಿನಿಂದ ಗೆಲ್ಲುವವರು ಯಾರು, ಸೋಲುವವರು ಯಾರು ಎಂಬುದು ಬಹುಮಟ್ಟಿಗೆ ನಿರ್ಧಾರವಾಗುವುದು ಬೆಟ್ಟದ ಮೇಲೆಯೇ.

‘ಡಾಕ್ಟರೇ, ಶಾಮನೂರಿನಲ್ಲಿರುವ ನಮಗೂ ಫ್ರಾನ್ಸಿನ ಬೆಟ್ಟಕ್ಕೂ ಏನು ಸಂಬಂಧ?’ ಎಂದು ನೀವು ಕೇಳಬಹುದು. ಸಂಬಂಧ ಇದೆ. ದಾವಣಗೆರೆಗೆ ಸೈಕಲ್ ಹೊಸದಲ್ಲ. ಹತ್ತಿ ಗಿರಣಿಗಳ ಕಾಲದಲ್ಲಿ ಪಾಳಿ ಬದಲಾಗುವ ಹೊತ್ತಿಗೆ ರಸ್ತೆ ತುಂಬ ಸೈಕಲ್ಲುಗಳೇ. ನಂತರ ಬೈಕು, ಸ್ಕೂಟರ್ ಬಂದು ಸೈಕಲ್ ಮೂಲೆ ಸೇರಿತು. ಈಗ ಅದು ಗಿಯರ್ ಹಾಕಿಕೊಂಡು, ತಲೆಗೆ ಹೆಲ್ಮೆಟ್ ಧರಿಸಿಕೊಂಡು ಮರಳಿ ಬಂದಿದೆ. ಬೆಳಗಿನ ಜಾವ ಹೊರಟು ಹರಿಹರದ ತುಂಗಭದ್ರೆಯನ್ನು ನೋಡಿಕೊಂಡು ಬರುವವರು, ಭಾನುವಾರ ಕೊಂಡಜ್ಜಿ ಗುಡ್ಡದ ಕಡೆ ಹೋಗುವವರು ಇದ್ದಾರೆ. ಇವರಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡಕ್ಕೆ ಮಾತ್ರೆ ನುಂಗುವವರೂ ಉಂಟು. ಉತ್ಸಾಹ ಹೆಚ್ಚಿದ ತರುಣರು ನೀಲಗಿರಿಯ ಕನಸು ಕಾಣುತ್ತಾರೆ.

ನೀಲಗಿರಿ ಎಂದದ್ದು ಸುಮ್ಮನೆ ಅಲ್ಲ. 2008ರಲ್ಲಿ ಆರಂಭವಾದ ‘ಟೂರ್ ಆಫ್ ನೀಲಗಿರೀಸ್’ ಎಂಬ ಸೈಕಲ್ ಯಾತ್ರೆ ಕರ್ನಾಟಕ, ತಮಿಳುನಾಡು, ಕೇರಳದ ಬೆಟ್ಟಗಾಡಿನಲ್ಲಿ ಹಾದುಹೋಗುತ್ತದೆ. ಒಟ್ಟಾರೆ ಅದು ಸ್ಪರ್ಧೆಯಲ್ಲ, ಪ್ರವಾಸ. ಆದರೆ ಕೆಲವು ಭಾಗಗಳಲ್ಲಿ ಗಡಿಯಾರ ಇಟ್ಟು ಓಡಿಸುತ್ತಾರೆ. ಅದರಲ್ಲಿ ಹೆಸರುವಾಸಿಯಾದದ್ದು ಮಸಿನಗುಡಿ ಕಡೆಯಿಂದ ಊಟಿಗೆ ಏರುವ ಕಲ್ಹಟ್ಟಿ ಘಟ್ಟ. 36 ಹೇರ್‌ಪಿನ್ ತಿರುವುಗಳು. ಕಾರಿನ ಎಂಜಿನ್ನೇ ಅಲ್ಲಿ ಏದುಸಿರು ಬಿಡುತ್ತದೆ.

ಘಟ್ಟ ಏರುವಾಗ ಒಳಗೆ ಆಗುವುದೇನು?

ಒಂದು ಸಣ್ಣ ಲೆಕ್ಕ ಹಾಕೋಣ. ನಿಮ್ಮ ತೂಕ 70 ಕಿಲೋ, ಸೈಕಲ್ಲಿನದು 10 ಕಿಲೋ ಎಂದಿಟ್ಟುಕೊಳ್ಳಿ. ಮಸಿನಗುಡಿಯಿಂದ ಊಟಿಗೆ ಏರಬೇಕಾದ ಎತ್ತರ ಸುಮಾರು 1,200 ಮೀಟರ್. ಈ 80 ಕಿಲೋ ಭಾರವನ್ನು ಅಷ್ಟು ಎತ್ತರಕ್ಕೆ ಒಯ್ಯಲು ಸುಮಾರು 225 ಕ್ಯಾಲೊರಿ ಶಕ್ತಿ ಸಾಕು. ಆದರೆ ನಮ್ಮ ಸ್ನಾಯುಗಳು ಅಷ್ಟು ಮಿತವ್ಯಯಿಗಳಲ್ಲ. ಉರಿಸಿದ ಆಹಾರದಲ್ಲಿ ನಾಲ್ಕನೇ ಒಂದು ಭಾಗಕ್ಕಿಂತ ಹೆಚ್ಚು ಪೆಡಲಿಗೆ ತಲುಪುವುದು ಅಪರೂಪ. ಆದ್ದರಿಂದ ದೇಹ 900 ಕ್ಯಾಲೊರಿಗೂ ಹೆಚ್ಚು ಉರಿಸಬೇಕಾಗುತ್ತದೆ. ಉಳಿದ ಮುಕ್ಕಾಲು ಪಾಲು ಏನಾಯಿತು? ಶಾಖವಾಯಿತು. ಆ ಶಾಖ ಹೊರಗೆ ಹೋಗದೆ ಒಳಗೇ ಉಳಿದರೆ ದೇಹದ ಉಷ್ಣತೆ 10 ಡಿಗ್ರಿಗೂ ಮೀರಿ ಏರಬೇಕು. ಮನುಷ್ಯ ಅಷ್ಟರೊಳಗೆ ಸತ್ತೇ ಹೋಗುತ್ತಾನೆ. ನಮ್ಮನ್ನು ಕಾಪಾಡುವುದು ಬೆವರು. ಒಂದು ಲೀಟರ್ ಬೆವರು ಚರ್ಮದ ಮೇಲೆ ಆರಿದರೆ ಸುಮಾರು 580 ಕ್ಯಾಲೊರಿ ಶಾಖವನ್ನು ಹೊತ್ತೊಯ್ಯುತ್ತದೆ. ಗಮನಿಸಿ: ಆರಿದರೆ! ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರಿನಿಂದ ಹೆಚ್ಚು ಪ್ರಯೋಜನವಿಲ್ಲ.

ಬೆಟ್ಟದ ಮೋಸ ಇರುವುದು ಇಲ್ಲಿಯೇ. ಸಮತಟ್ಟು ರಸ್ತೆಯಲ್ಲಿ ವೇಗವಾಗಿ ಹೋಗುವಾಗ ಎದುರುಗಾಳಿ ಬೆವರನ್ನು ಆರಿಸುತ್ತದೆ. ಏರಿನಲ್ಲಿ ಶ್ರಮ ಎರಡರಷ್ಟು, ವೇಗ ಮಾತ್ರ ನಡೆದು ಹೋಗುವವನಿಗಿಂತ ಸ್ವಲ್ಪ ಹೆಚ್ಚು. ಗಾಳಿಯೇ ಇಲ್ಲ. ಒಲೆ ಉರಿಯುತ್ತಿದೆ, ಕಿಟಕಿ ಮುಚ್ಚಿದೆ. ಬೆಟ್ಟವಿಲ್ಲದ ನಮ್ಮೂರಿನಲ್ಲೂ ಇದರ ಅನುಭವ ಆಗುತ್ತದೆ. ಏಪ್ರಿಲ್ ತಿಂಗಳ ಹನ್ನೊಂದು ಗಂಟೆಯ ಬಿಸಿಲಿನಲ್ಲಿ, ಬೆನ್ನ ಹಿಂದಿನಿಂದ ಗಾಳಿ ಬೀಸುವಾಗ ಹರಿಹರದ ರಸ್ತೆಯಲ್ಲಿ ತುಳಿದು ನೋಡಿದವರಿಗೆ ಗೊತ್ತು. ಗಾಳಿ ತಳ್ಳುತ್ತಿದೆ ಎಂಬ ಸುಖ ಒಂದು ಕಡೆ, ಮೈಯೆಲ್ಲ ಬೇಯುವ ಸಂಕಟ ಇನ್ನೊಂದು ಕಡೆ.

ಮಾಂಟ್ ವೆಂಟೂ ಬೆಟ್ಟದ ಮೇಲೆ

1967ರ ಜುಲೈ 13. ದಕ್ಷಿಣ ಫ್ರಾನ್ಸಿನ ಮಾಂಟ್ ವೆಂಟೂ ಬೆಟ್ಟ. ಸುಮಾರು 1,900 ಮೀಟರ್ ಎತ್ತರದ ಅದರ ನೆತ್ತಿಯಲ್ಲಿ ಮರವಿಲ್ಲ, ನೆರಳಿಲ್ಲ, ಬರೀ ಬಿಳಿಯ ಸುಣ್ಣಕಲ್ಲು. ಅಂದು ಸುಡುಬಿಸಿಲು. ಇಂಗ್ಲೆಂಡಿನ ಟಾಮ್ ಸಿಂಪ್ಸನ್ 29 ವರ್ಷದ ಗಟ್ಟಿಗ. 1965ರ ವಿಶ್ವ ಚಾಂಪಿಯನ್. ಕೆಲವು ದಿನಗಳಿಂದ ಹೊಟ್ಟೆ ಕೆಟ್ಟು ನಿತ್ರಾಣನಾಗಿದ್ದ. ಆ ಕಾಲದ ಸ್ಪರ್ಧೆಯಲ್ಲಿ ಸವಾರರಿಗೆ ಕೊಡುವ ನೀರಿನ ಬಾಟಲಿಗಳಿಗೂ ಮಿತಿ ಇತ್ತು. ಶಿಖರ ಇನ್ನೂ ಒಂದು ಕಿಲೋಮೀಟರಿನಷ್ಟು ದೂರ ಇರುವಾಗ ಅವನ ಸೈಕಲ್ ರಸ್ತೆಯ ಆ ಬದಿಯಿಂದ ಈ ಬದಿಗೆ ಓಲಾಡತೊಡಗಿತು. ಬಿದ್ದ. ಎತ್ತಿ ಕೂರಿಸಿದರು. ಸ್ವಲ್ಪ ದೂರ ತುಳಿದು ಮತ್ತೆ ಬಿದ್ದ. ಮತ್ತೆ ಏಳಲಿಲ್ಲ.

ಅವನ ಅಂಗಿಯ ಜೇಬಿನಲ್ಲಿ ಆಂಫೆಟಮಿನ್ ಮಾತ್ರೆಯ ಕೊಳವೆಗಳು ಸಿಕ್ಕವು. ದೇಹದಲ್ಲಿ ಆ ಔಷಧಿಯ ಜೊತೆಗೆ ಮದ್ಯದ ಅಂಶವೂ ಇತ್ತು. ಬಿಸಿಲು, ನೀರಿನ ಕೊರತೆ, ಅತಿಶ್ರಮ, ಮಾತ್ರೆ ಇವೆಲ್ಲ ಸೇರಿ ಹೃದಯವನ್ನು ಸೋಲಿಸಿದ್ದವು.

ಈ ಮಾತ್ರೆ ಮಾಡುವ ಕೆಲಸವನ್ನು ನೀವು ಸರಿಯಾಗಿ ತಿಳಿದುಕೊಳ್ಳಬೇಕು. ಅದು ಹೊಸ ಶಕ್ತಿಯನ್ನು ಕೊಡುವುದಿಲ್ಲ. ದೇಹದ ಶಾಖ 40 ಡಿಗ್ರಿ ಸೆಲ್ಸಿಯಸ್ ಸಮೀಪಿಸುತ್ತಿದ್ದಂತೆ ಮೆದುಳು ಕಾಲುಗಳಿಗೆ ‘ನಿಧಾನ, ನಿಧಾನ’ ಎಂದು ಸೂಚನೆ ಕಳಿಸುತ್ತದೆ. ಅದನ್ನೇ ನಾವು ದಣಿವು ಎನ್ನುತ್ತೇವೆ. ಆಂಫೆಟಮಿನ್ ಆ ಸೂಚನೆಯನ್ನು ಅಡಗಿಸುತ್ತದೆ. ಜೊತೆಗೆ ಚರ್ಮದ ರಕ್ತನಾಳಗಳನ್ನು ಕುಗ್ಗಿಸಿ ಶಾಖ ಹೊರಹೋಗುವ ದಾರಿಯನ್ನೂ ಕಿರಿದು ಮಾಡುತ್ತದೆ. ಮನೆಗೆ ಬೆಂಕಿ ಬಿದ್ದಾಗ ಕೂಗುವ ಕಾವಲುಗಾರನ ಬಾಯಿಗೆ ಬಟ್ಟೆ ತುರುಕಿದ ಹಾಗೆ.

ಮುಂದೆ ಬೇರೆ ಬೇರೆ ಔಷಧಿಗಳು ಬಂದವು. ಮೂತ್ರಪಿಂಡ ಸೋತವರ ರಕ್ತಹೀನತೆಗೆಂದು ತಯಾರಾದ ಎರಿತ್ರೊಪೊಯೆಟಿನ್ ಎಂಬ ಹಾರ್ಮೋನನ್ನು ಆರೋಗ್ಯವಂತ ಸವಾರರು ಚುಚ್ಚಿಕೊಂಡರು. ಕೆಂಪು ರಕ್ತಕಣಗಳು ಹೆಚ್ಚಿ, ಬೆಟ್ಟ ಏರುವಾಗ ಆಮ್ಲಜನಕ ಹೆಚ್ಚು ಸಿಕ್ಕಿತು. ರಕ್ತವೂ ಮಂದವಾಗಿ ಹೆಪ್ಪುಗಟ್ಟುವ ಅಪಾಯ ಬೆಳೆಯಿತು. ಏಳು ಬಾರಿ ಗೆದ್ದ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್‌ನ ಎಲ್ಲ ಏಳು ಪ್ರಶಸ್ತಿಗಳೂ 2012ರಲ್ಲಿ ರದ್ದಾದವು. ನೋವನ್ನು ಮರೆಸುವ ಟ್ರಾಮಡಾಲ್ ಮಾತ್ರೆಯನ್ನು ಸೈಕಲ್ ಸ್ಪರ್ಧೆಗಳಲ್ಲಿ 2019ರಿಂದ, ಉಳಿದ ಕ್ರೀಡಾ ಸ್ಪರ್ಧೆಗಳಲ್ಲಿ 2024ರಿಂದ ನಿಷೇಧಿಸಲಾಗಿದೆ.

ಇದೆಲ್ಲ ದೊಡ್ಡವರ ಕಥೆ ಎನ್ನಬೇಡಿ. ಸವಾರಿಗೆ ಮುನ್ನ ‘ಮೊಣಕಾಲು ನೋಯದಿರಲಿ’ ಎಂದು ಔಷಧಿ ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗುವವರು ನಮ್ಮಲ್ಲೂ ಇದ್ದಾರೆ. ನೀರು ಕಡಿಮೆಯಾದ ದೇಹದಲ್ಲಿ ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ಮಾತ್ರೆಗಳು ಮೂತ್ರಪಿಂಡಕ್ಕೆ ಹೋಗುವ ರಕ್ತವನ್ನು ತಗ್ಗಿಸುತ್ತವೆ. ಜಿಮ್ಮಿನ ಗೆಳೆಯ ಕೊಟ್ಟ, ಒಳಗೇನಿದೆ ಎಂದು ಬರೆಯದ ಪುಡಿಯ ವಿಷಯವನ್ನಂತೂ ಕೇಳಲೇಬೇಡಿ. ನೆಗಡಿ, ಜ್ವರ ಇದ್ದರೆ ಸೈಕಲ್ಲನ್ನು ಗೋಡೆಗೆ ಒರಗಿಸಿಡಿ.

ಹಸಿವಿಗೆ ಮುಂಚೆ ಊಟ

ದಣಿವು ಹೇಳುವ ಎರಡನೆಯ ಸುದ್ದಿ, ಉರುವಲು ಮುಗಿಯಿತು ಎಂಬುದು. ನಾವು ತಿಂದ ಪಿಷ್ಟ ಗ್ಲೈಕೊಜೆನ್ ರೂಪದಲ್ಲಿ ಸ್ನಾಯುಗಳಲ್ಲಿ ಸುಮಾರು 400 ಗ್ರಾಂ, ಯಕೃತ್ತಿನಲ್ಲಿ ಸುಮಾರು 100 ಗ್ರಾಂ ಶೇಖರವಾಗಿರುತ್ತದೆ. ಜೋರಾಗಿ ತುಳಿದರೆ ಇದು ಒಂದೂವರೆಯಿಂದ ಎರಡು ಗಂಟೆಗೆ ಬರಿದಾಗುತ್ತದೆ. ಮೈಯಲ್ಲಿ ಕೊಬ್ಬು ಎಷ್ಟೇ ಇರಲಿ, ಅದು ನಿಧಾನವಾಗಿ ಉರಿಯುವ ಕಟ್ಟಿಗೆ. ಏರಿಗೆ ಬೇಕಾದ ರಭಸ ಅದರಲ್ಲಿಲ್ಲ. ಗ್ಲೈಕೊಜೆನ್ ತೀರಿದಾಗ ಕಾಲು ಸೀಸದ ಹಾಗೆ ಭಾರವಾಗುತ್ತದೆ, ಕಣ್ಣು ಮಂಜಾಗುತ್ತದೆ, ಸಣ್ಣ ಮಾತಿಗೂ ಸಿಟ್ಟು ಬರುತ್ತದೆ.

ಬೆಟ್ಟದ ಹಂತಗಳಿರುವ ದಿನ ವೃತ್ತಿಪರ ಸವಾರರು 5,000ದಿಂದ 7,000 ಕ್ಯಾಲೊರಿ ಖರ್ಚು ಮಾಡುತ್ತಾರೆ. ಆದ್ದರಿಂದ ಸೈಕಲ್ ಮೇಲೆಯೇ ತಿನ್ನುತ್ತಾರೆ. ಅವರ ಜೇಬಿನಲ್ಲಿ ಏನಿರುತ್ತದೆ ಗೊತ್ತೇ? ಎಷ್ಟೋ ಬಾರಿ ಅನ್ನ! ಅಂಟು ಅನ್ನವನ್ನು ಸಿಹಿ ಹಾಕಿ ಒತ್ತಿ, ತುಂಡು ಮಾಡಿ, ಹಾಳೆಯಲ್ಲಿ ಸುತ್ತಿ ಕೊಡುತ್ತಾರೆ. ಯುರೋಪಿನವರೇ ಅನ್ನಕ್ಕೆ ಮೊರೆ ಹೋಗಿರುವಾಗ ನಾವು ಬಣ್ಣದ ಪೊಟ್ಟಣಗಳ ಹಿಂದೆ ಬೀಳುವುದೇಕೆ?

ನಿಮ್ಮ ಸವಾರಿ ಒಂದು ಗಂಟೆಯೊಳಗಿದ್ದರೆ ನೀರೊಂದೇ ಸಾಕು. ಒಂದೂವರೆ ಗಂಟೆ ದಾಟುವುದಾದರೆ ಗಂಟೆಗೆ ಒಂದು ಬಾಳೆಹಣ್ಣು, ಒಂದು ಸಣ್ಣ ತುಂಡು ಬೆಲ್ಲ ತಿನ್ನಿ. ಹಸಿವಾಗುವವರೆಗೆ ಕಾಯಬೇಡಿ. ನಮ್ಮೂರಿನ ಮಂಡಕ್ಕಿ ಒಳ್ಳೆಯ ಪಿಷ್ಟವೇ; ಆದರೆ ಹಿಡಿ ತುಂಬ ತಿಂದರೂ ಒಳಗೆ ಹೋಗುವುದರಲ್ಲಿ ಗಾಳಿಯೇ ಹೆಚ್ಚು. ಇನ್ನು ಬೆಣ್ಣೆದೋಸೆ. ಅದರ ಮೇಲೆ ನನಗೇನೂ ದ್ವೇಷವಿಲ್ಲ. ಆದರೆ ಬೆಣ್ಣೆ ಹೊಟ್ಟೆಯಿಂದ ಕೆಳಗಿಳಿಯಲು ಗಂಟೆಗಟ್ಟಲೆ ಬೇಕು. ಸವಾರಿ ಮುಗಿಸಿ ಬಂದು ತಿನ್ನಿ, ಹೊರಡುವ ಮುಂಚೆ ಬೇಡ.

ನೀರನ್ನು ಒಮ್ಮೆಲೇ ಗಟಗಟ ಕುಡಿಯದೆ ಆಗಾಗ ಗುಟುಕರಿಸಿ. ಗಂಟೆಗಟ್ಟಲೆ ಬೆವರಿ ಬರೀ ನೀರನ್ನೇ ಲೀಟರುಗಟ್ಟಲೆ ಕುಡಿದರೆ ರಕ್ತದಲ್ಲಿ ಉಪ್ಪಿನಂಶ ತಗ್ಗಿ ತಲೆನೋವು, ವಾಂತಿ, ಕೆಲವೊಮ್ಮೆ ಸೆಳವೂ ಬರಬಹುದು. ದೀರ್ಘ ಸವಾರಿಗೆ ಉಪ್ಪು ಹಾಕಿದ ಮಜ್ಜಿಗೆ ಅಥವಾ ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿದ ಪಾನಕ ಚೆನ್ನ. ರಕ್ತದೊತ್ತಡ, ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇರುವವರು ಉಪ್ಪಿನ ವಿಷಯದಲ್ಲಿ ನಿಮ್ಮ ವೈದ್ಯರನ್ನು ಕೇಳಿ.

ಸಕ್ಕರೆ ಕಾಯಿಲೆಯವರಿಗೆ ಒಂದು ಮಾತು

ಸೈಕಲ್ ತುಳಿಯುವುದು ನಿಮಗೆ ಬಹಳ ಒಳ್ಳೆಯದು. ಆದರೆ ಇನ್ಸುಲಿನ್ ಚುಚ್ಚಿಕೊಳ್ಳುವವರು, ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಮುಂತಾದ ಮಾತ್ರೆ ತೆಗೆದುಕೊಳ್ಳುವವರು ಬರಿಹೊಟ್ಟೆಯಲ್ಲಿ ಹೊರಡಲೇಬಾರದು. ರಕ್ತದ ಸಕ್ಕರೆ ಸವಾರಿಯ ನಡುವೆ ಮಾತ್ರವಲ್ಲ, ಎಷ್ಟೋ ಗಂಟೆಗಳ ನಂತರ, ರಾತ್ರಿ ನಿದ್ರೆಯಲ್ಲೂ ಕುಸಿಯಬಹುದು. ಸಕ್ಕರೆ ಇಳಿದಾಗ ನಡುಕ, ಎದೆಬಡಿತ, ಬೆವರು ಬಂದು ಎಚ್ಚರಿಸುತ್ತವೆ. ರಕ್ತದೊತ್ತಡಕ್ಕೆ ಅಟೆನೊಲಾಲ್, ಮೆಟೊಪ್ರೊಲಾಲ್‌ನಂಥ ಮಾತ್ರೆಯನ್ನೂ ನುಂಗುತ್ತಿದ್ದರೆ ನಡುಕ, ಎದೆಬಡಿತ ಮರೆಯಾಗಿ ಬೆವರೊಂದೇ ಉಳಿಯಬಹುದು. ಸೈಕಲ್ ಮೇಲೆ ಎಲ್ಲರೂ ಬೆವರುತ್ತಾರೆ. ಹಾಗಿರುವಾಗ ಗುರುತಿಸುವುದು ಹೇಗೆ? ಹಾಗೆಂದು ಮಾತ್ರೆಯನ್ನು ನೀವಾಗಿಯೇ ಬಿಡಬೇಡಿ. ಅದರ ಪ್ರಮಾಣ ಬದಲಿಸಬೇಕೇ ಎಂದು ವೈದ್ಯರು ಹೇಳಲಿ. ಹೊರಡುವ ಮುನ್ನ ಸಕ್ಕರೆ ನೋಡಿಕೊಳ್ಳಿ, ಜೇಬಿನಲ್ಲಿ ಮೂರು ಟೀ ಚಮಚದಷ್ಟು ಸಕ್ಕರೆಯ ಪೊಟ್ಟಣ ಇರಲಿ, ಜೊತೆಗಾರನಿಗೆ ನಿಮ್ಮ ಕಾಯಿಲೆಯ ವಿಷಯ ತಿಳಿದಿರಲಿ. ಇದನ್ನು ಮುಚ್ಚಿಡುವುದರಲ್ಲಿ ದೊಡ್ಡಸ್ತಿಕೆಯೇನೂ ಇಲ್ಲ.

ನಲವತ್ತು ದಾಟಿದವರು, ಸಿಗರೇಟ್ ಸೇದುವವರು, ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲಿ ಹೃದಯಾಘಾತ ಆಗಿರುವವರು ಘಟ್ಟ ಏರುವ ಯೋಚನೆ ಮಾಡುವ ಮೊದಲು ಒಮ್ಮೆ ಹೃದಯದ ತಪಾಸಣೆ ಮಾಡಿಸಿಕೊಳ್ಳಿ. ತುಳಿಯುವಾಗ ಎದೆ ಹಿಡಿದಂತಾಗಿ ಅದು ಎಡಗೈಗೋ ದವಡೆಗೋ ಹರಡಿದರೆ ಅದು ಗ್ಯಾಸ್ ಎಂದು ನೀವೇ ತೀರ್ಮಾನಿಸಿ ಸೋಡಾ ಕುಡಿಯಬೇಡಿ. ನಿಲ್ಲಿಸಿ, ಕುಳಿತುಕೊಳ್ಳಿ, 108ಕ್ಕೆ ಫೋನ್ ಮಾಡಿ.

ಜೊತೆಯಲ್ಲಿ ತುಳಿಯುತ್ತಿರುವವರು ಓಲಾಡಿದರೆ, ಮಾತು ತೊದಲಿದರೆ, ಕೇಳಿದ್ದಕ್ಕೆ ಏನೇನೋ ಉತ್ತರ ಕೊಟ್ಟರೆ ಅದು ಬಿಸಿಲಿನ ಹೊಡೆತ ಇರಬಹುದು. ಸಿಂಪ್ಸನ್‌ನನ್ನು ಮತ್ತೆ ಸೈಕಲ್ ಮೇಲೆ ಕೂರಿಸಿದ ತಪ್ಪು ನಿಮ್ಮಿಂದ ಆಗದಿರಲಿ. ನೆರಳಿಗೆ ಕರೆದೊಯ್ದು, ಬಟ್ಟೆ ಸಡಿಲಿಸಿ, ಮೈಮೇಲೆಲ್ಲ ನೀರು ಸುರಿದು ಗಾಳಿ ಬೀಸಿ. ಆಸ್ಪತ್ರೆಗೆ ಸಾಗಿಸುವಾಗಲೂ ತಣಿಸುವುದನ್ನು ನಿಲ್ಲಿಸಬೇಡಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬಾರದು. ಅದು ಶ್ವಾಸನಾಳಕ್ಕೆ ಇಳಿಯುತ್ತದೆ.

ಏರಿದವರು ಇಳಿಯಲೂ ಬೇಕಲ್ಲ? ಬೆವರಿನಲ್ಲಿ ತೊಯ್ದ ಅಂಗಿಯಲ್ಲಿ ನೀಲಗಿರಿಯ ಡಿಸೆಂಬರ್ ಚಳಿಗೆ ಎದೆಯೊಡ್ಡಿ ಇಳಿಯತೊಡಗಿದರೆ ಹತ್ತೇ ನಿಮಿಷಕ್ಕೆ ಬೆರಳುಗಳು ಮರಗಟ್ಟಿ ಬ್ರೇಕ್ ಹಿಡಿಯಲಾಗುವುದಿಲ್ಲ. ಇದಕ್ಕೆ ಫ್ರಾನ್ಸಿನ ಹಳೆಯ ಸವಾರರ ಉಪಾಯ ಬಲು ಅಗ್ಗದ್ದು. ಶಿಖರದಲ್ಲಿ ನಿಂತ ಜನರಿಂದ ಒಂದು ದಿನಪತ್ರಿಕೆ ಇಸಿದುಕೊಂಡು ಅಂಗಿಯೊಳಗೆ ಎದೆಗೆ ಅಡ್ಡಲಾಗಿ ತುರುಕಿಕೊಂಡು ಇಳಿಯುತ್ತಿದ್ದರು. ಕಾಗದ ಗಾಳಿಯನ್ನು ತಡೆಯುತ್ತದೆ. ಈ ಪುಟವನ್ನು ಓದಿ ಮುಗಿಸಿದ ಮೇಲೆ ಮಡಿಚಿ ಸೈಕಲ್ಲಿನ ಚೀಲದಲ್ಲಿಟ್ಟುಕೊಳ್ಳಲು ನನ್ನ ಅಭ್ಯಂತರವೇನೂ ಇಲ್ಲ.