ಡಾಲ್ಫಿನ್ ಮೂಗಿನ ರಿಪೇರಿ

ಜಯನಗರದಲ್ಲಿ ರಸ್ತೆ ಬದಿ ಗಾಡಿ ನಿಲ್ಲಿಸುವವರಿಗೆ ಏಪ್ರಿಲ್ ಬಂತೆಂದರೆ ಕಣ್ಣು ಮೇಲಕ್ಕೇ ಇರುತ್ತದೆ. ಮೊದಲ ಗಾಳಿಮಳೆಗೆ ನಮ್ಮ ರಸ್ತೆಯ ಗುಲ್‌ಮೊಹರ್ ಕೊಂಬೆ ಮುರಿದು ಎರಡು ಕಾರುಗಳ ಮೇಲೆ ಬಿತ್ತು. ಪಕ್ಕದ ಮನೆಯವರ ಇನ್ನೋವಾ ನೆಗ್ಗಿತು. ಅಪ್ಪನ ಕಾಲದ ನಮ್ಮ ಸಿಪಾನಿ ಡಾಲ್ಫಿನ್ ನೆಗ್ಗಲಿಲ್ಲ, ಒಡೆಯಿತು. ಬಾನೆಟ್ಟಿನ ನಡುವೆ ಉದ್ದ ಬಿರುಕು, ಎಡ ಹೆಡ್‌ಲೈಟಿನ ಸುತ್ತಲಿನ ಮೂಲೆ ಚೂರುಚೂರು.

ಟಿಂಕರಿಂಗ್ ಹುಡುಗ ಬಂದು ಬೆರಳಲ್ಲಿ ತಟ್ಟಿ ನೋಡಿ, "ಸಾರ್, ಇದು ಬಡಿಯೋ ಬಾಡಿ ಅಲ್ಲ, ಫೈಬರ್ರು. ನಮ್ಮ ಕೈಲಾಗಲ್ಲ" ಎಂದು ಹೊರಟೇಬಿಟ್ಟ. ಅವನದೇನೂ ತಪ್ಪಿಲ್ಲ. ತಗಡನ್ನು ಬಡಿದು, ಎಳೆದು ಮೊದಲಿನ ಆಕಾರಕ್ಕೆ ತರಬಹುದು. ಗಾಜಿನ ಎಳೆಗಳನ್ನು ರೆಸಿನ್ ಎಂಬ ಅಂಟಿನಲ್ಲಿ ನೆನೆಸಿ ಗಟ್ಟಿ ಮಾಡಿದ ಫೈಬರ್‌ಗ್ಲಾಸಿಗೆ ಆ ಗುಣವಿಲ್ಲ.

ಈಗಿನ ಹುಡುಗರಿಗೆ ಡಾಲ್ಫಿನ್ ಗೊತ್ತಿಲ್ಲ. ಅದು ಬೆಂಗಳೂರಿನದೇ ಕಾರು. 1970ರ ದಶಕದಲ್ಲಿ ಬಾದಲ್ ಎಂಬ ಮೂರು ಚಕ್ರದ ಫೈಬರ್ ಕಾರು ಮಾಡಿದ ಕಂಪನಿಯೇ 1982ರಲ್ಲಿ ಡಾಲ್ಫಿನ್ ತಂದಿತು. ಇಂಗ್ಲೆಂಡಿನ ರಿಲಯಂಟ್ ಕಿಟನ್ ಕಾರಿನ ವಿನ್ಯಾಸ, 848 ಸಿಸಿ ಅಲ್ಯೂಮಿನಿಯಂ ಎಂಜಿನ್, ಎರಡು ಬಾಗಿಲು. ಫೈಬರ್ ಬಾಡಿಗೆ ಲಾಭವಿತ್ತು. ತಗಡನ್ನು ಒತ್ತುವ ದೈತ್ಯ ಪ್ರೆಸ್ಸುಗಳಿಗೆ ಕೋಟಿಗಟ್ಟಲೆ ಸುರಿಯುವ ಶಕ್ತಿ ಇಲ್ಲದ ಸಣ್ಣ ಕಂಪನಿಯೂ ಅಚ್ಚು ಮಾಡಿಕೊಂಡು ಕಾರು ಕಟ್ಟಬಹುದಿತ್ತು. ಅಮೆರಿಕದ ಜನರಲ್ ಮೋಟರ್ಸ್ ಕೂಡ 1953ರ ಕಾರ್ವೆಟ್ಟನ್ನು ಫೈಬರಿನಲ್ಲೇ ಹೊರತಂದಿತ್ತು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ ನಮ್ಮವರು ತಗಡಿನ ಕಡೆ ತಿರುಗಿದರು. "ಪ್ಲಾಸ್ಟಿಕ್ ಡಬ್ಬಾ" ಎಂದು ನಕ್ಕವರ ಕಾರುಗಳ ಬಾಗಿಲಡಿ ತುಕ್ಕು ತಿಂದಾಗ ಅಪ್ಪ ಒಳಗೊಳಗೇ ಖುಷಿಪಟ್ಟಿದ್ದನ್ನು ಬಲ್ಲೆ.

ಬಿಡಿಭಾಗಕ್ಕೆ ಜೆ.ಸಿ. ರೋಡು ಸುತ್ತಿ ಪ್ರಯೋಜನವಿಲ್ಲ, ಡಾಲ್ಫಿನ್ ಬಾನೆಟ್ ಎಂದರೆ ಅಂಗಡಿಯವರು ನಗುತ್ತಾರೆ. ಕೊನೆಗೆ ಸಿಕ್ಕಿದವರು ಬೊಮ್ಮನಹಳ್ಳಿ ಕಡೆಯ ಶೆಡ್ಡಿನಲ್ಲಿ ಪಾರ್ಕಿನ ಜಿಂಕೆ, ಮದುವೆ ಮಂಟಪದ ಕಂಬ ಮಾಡುವ ಮೇಸ್ತ್ರಿ. ಕಾರು ಮುಟ್ಟಿದವರಲ್ಲ, ಫೈಬರ್ ಮಾತ್ರ ಅರೆದು ಕುಡಿದವರು.

ಅವರು ಮೊದಲು ನಾಣ್ಯ ಹಿಡಿದು ಬಾನೆಟ್ ಪೂರ್ತಿ ತಟ್ಟಿದರು. ಟಣ್ ಎಂದ ಕಡೆ ಗಟ್ಟಿ. ಬೊದ್ದು ಸದ್ದು ಬಂದ ಕಡೆ ಪದರಗಳು ಬಿಟ್ಟುಕೊಂಡಿವೆ. ಕಣ್ಣಿಗೆ ಕಾಣುವ ಬಿರುಕಿನಿಂದ ಒಂದು ಗೇಣು ಆಚೆಗೂ ಬೊದ್ದು ಸದ್ದಿತ್ತು. ಅಷ್ಟನ್ನೂ ಕೆರೆದು ತೆಗೆಯಲೇಬೇಕು. ಎಷ್ಟೋ ಕಡೆ ಬಿರುಕಿಗೆ ಪುಟ್ಟಿ ಮೆತ್ತಿ, ಬಣ್ಣ ಹೊಡೆದು ಕಳಿಸುತ್ತಾರೆ. ಪುಟ್ಟಿಯಲ್ಲಿ ಹೊರೆ ಹೊರುವ ಎಳೆಗಳಿಲ್ಲ. ಇಂಜಿನ್ ಅದುರಿದಂತೆಲ್ಲ ಅದೇ ಗೆರೆ ಮತ್ತೆ ಮೇಲೇಳುತ್ತದೆ.

ನಿಜವಾದ ರಿಪೇರಿ ಶುರುವಾಗುವುದು ಒಳಮೈಯಿಂದ. ಹಳೆಯ ಬಣ್ಣ, ಗ್ರೀಸು ತೆಗೆದು ಒರಟು ಉಜ್ಜುಕಾಗದದಿಂದ ಎಳೆ ಕಾಣುವವರೆಗೂ ಉಜ್ಜಿದರು. ಬಿರುಕಿನ ಎರಡೂ ಅಂಚನ್ನು ಇಳಿಜಾರಾಗಿ ಕೆರೆದರು. 3 ಮಿ.ಮೀ. ದಪ್ಪದ ಬಾಡಿಗೆ ಪ್ರತಿ ಬದಿಯಲ್ಲೂ 35 ಮಿ.ಮೀ.ನಷ್ಟು ಇಳಿಜಾರು. ಇಷ್ಟಗಲ ಯಾಕೆಂದರೆ ಹಳೆಯ ಫೈಬರು ಹೊಸದರೊಡನೆ ಕರಗಿ ಒಂದಾಗುವುದಿಲ್ಲ, ಬರೀ ಅಂಟಿಕೊಳ್ಳುತ್ತದೆ. ಅಂಟುವ ಜಾಗ ಹೆಚ್ಚಿದ್ದಷ್ಟೂ ಹಿಡಿತ ಹೆಚ್ಚು.

ಆಮೇಲೆ ಮ್ಯಾಟ್, ಅಂದರೆ ಗಾಜಿನ ಎಳೆಗಳ ಹಾಸಿನ ತುಂಡುಗಳು. ಮೊದಲು ಚಿಕ್ಕದು, ಅದರ ಮೇಲೆ ದೊಡ್ಡದು. ಚದರ ಮೀಟರಿಗೆ 450 ಗ್ರಾಂ ತೂಗುವ ಮ್ಯಾಟಿನ ಒಂದು ಪದರ ಗಟ್ಟಿಯಾದ ಮೇಲೆ ಸುಮಾರು 1 ಮಿ.ಮೀ. ದಪ್ಪ ಕೊಡುತ್ತದೆ. ಪಾಲಿಯೆಸ್ಟರ್ ರೆಸಿನ್ನಿಗೆ ಹಾರ್ಡನರ್ ನೂರಕ್ಕೆ ಒಂದರಿಂದ ಎರಡು ಪಾಲು ಅಷ್ಟೇ. ಹೆಚ್ಚು ಸುರಿದರೆ ಕಾವು ಏರಿ ಸೀಳುತ್ತದೆ, ಕಡಿಮೆಯಾದರೆ ವಾರಗಟ್ಟಲೆ ಅಂಟಂಟು. ಮೇಸ್ತ್ರಿಯ ಶೆಡ್ಡಿನಲ್ಲಿ ರೆಸಿನ್ ಬೇಗ ಗಟ್ಟಿಯಾಗಲು ಹಾಕುವ ಕೋಬಾಲ್ಟಿನ ಬಾಟಲಿ ಒಂದು ಮೂಲೆಗೆ, ಹಾರ್ಡನರ್ ಇನ್ನೊಂದು ಮೂಲೆಗೆ. ಇವೆರಡನ್ನೂ ನೇರವಾಗಿ ಬೆರೆಸಿದರೆ ಸ್ಫೋಟವಾಗುತ್ತದೆ. ಕೋಬಾಲ್ಟ್ ಮೊದಲೇ ರೆಸಿನ್ನಿನಲ್ಲಿ ಪೂರ್ತಿ ಬೆರೆತಿರಬೇಕು, ಆಮೇಲಷ್ಟೇ ಹಾರ್ಡನರ್. ಉಜ್ಜುವಾಗ ಏಳುವ ಧೂಳಿಗೆ ಕರವಸ್ತ್ರ ಕಟ್ಟಿಕೊಂಡರೆ ಸಾಲದು, ಸರಿಯಾದ ಮಾಸ್ಕ್ ಬೇಕು. ತುಂಬು ತೋಳಿನ ಅಂಗಿ ಹಾಕದೆ ನಿಂತಿದ್ದ ನಾನು ರಾತ್ರಿಯಿಡೀ ತುರಿಸಿಕೊಂಡೆ.

ಎಪಾಕ್ಸಿ ಬಳಸಿ ಎಂದು ಹೇಳುವವರಿದ್ದಾರೆ. ಹಳೆಯ ಪಾಲಿಯೆಸ್ಟರಿಗೆ ಎಪಾಕ್ಸಿ ಇನ್ನೂ ಬಿಗಿಯಾಗಿ ಹಿಡಿಯುತ್ತದೆ, ನಿಜ. ಆದರೆ ಸಾಮಾನ್ಯ ಮ್ಯಾಟಿನ ಎಳೆಗಳನ್ನು ಹಿಡಿದಿಟ್ಟಿರುವ ಅಂಟು ಎಪಾಕ್ಸಿಯಲ್ಲಿ ಸರಿಯಾಗಿ ಕರಗುವುದಿಲ್ಲ. ಅದಕ್ಕೆ ನೇಯ್ದ ಗ್ಲಾಸ್ ಬಟ್ಟೆಯೇ ಆಗಬೇಕು.

ಪುಡಿಯಾಗಿದ್ದ ಮೂಲೆಗೆ ತೇಪೆ ಹಾಕಲು ಏನೂ ಉಳಿದಿರಲಿಲ್ಲ. ಬನಶಂಕರಿಯ ಸ್ನೇಹಿತರೊಬ್ಬರ ಬಳಿ ಓಡದೆ ನಿಂತ ಡಾಲ್ಫಿನ್ ಇತ್ತು. ಅದರ ಮೂಗಿಗೆ ಮೇಣ ತಿಕ್ಕಿ, ಮೇಲೆ ಬಿಡಿಸಿಕೊಳ್ಳುವ ದ್ರವ ಸವರಿ, ನುಣುಪು ಮೈ ಕೊಡುವ ಜೆಲ್‌ಕೋಟ್ ಬಳಿದು, ಮ್ಯಾಟ್ ಕೂರಿಸಿ ಅಚ್ಚು ತೆಗೆದೆವು. ಅಚ್ಚು ಬಾಗದಂತೆ ಬೆನ್ನಿಗೆ ರೀಪು ಕಟ್ಟಿದ್ದಾಯಿತು. ಆ ಅಚ್ಚಿನೊಳಗೆ ನಮ್ಮ ಮೂಲೆಯನ್ನು ಎರಕ ಹೊಯ್ದರು. ಬೇಗ ಬಿಚ್ಚೋಣವೆಂದು ನಾನು ಅವಸರ ಮಾಡಿದರೆ ಮೇಸ್ತ್ರಿ ಬಿಡಲಿಲ್ಲ. ಪೂರ್ತಿ ಗಟ್ಟಿಯಾಗುವ ಮುಂಚೆ ತೆಗೆದರೆ ಬಿಸಿಲಿಗಿಟ್ಟ ಹಪ್ಪಳದ ಹಾಗೆ ಸೊಟ್ಟಗಾಗುತ್ತದಂತೆ.

ಇಡೀ ಮುಂಭಾಗವನ್ನೇ ಹೊಸದಾಗಿ ಮಾಡಿಕೊಡುತ್ತೇನೆ, ಕೆಲಸ ಸುಲಭ ಎಂದೂ ಅವರು ಹೇಳಿದ್ದರು. ನಾನು ಒಪ್ಪಲಿಲ್ಲ. ಒಳಗೆ ಕೈಯಾಡಿಸಿದರೆ ಫ್ಯಾಕ್ಟರಿಯವರು ಮ್ಯಾಟ್ ಒತ್ತಿದ ಒರಟು ಇನ್ನೂ ಸಿಗುತ್ತದೆ. ಉಳಿಯುವಷ್ಟನ್ನು ಉಳಿಸಿಕೊಂಡು, ಹೋದದ್ದನ್ನಷ್ಟೇ ಹೊಸದು ಮಾಡುವುದು ನನಗೆ ಸರಿ ಕಂಡಿತು. ದುಡ್ಡಿನ ಲೆಕ್ಕದಲ್ಲಿ ಇದೇನೂ ಜಾಣತನವಲ್ಲ.

ಬಣ್ಣದವನಿಗೆ ಎರಡು ಮಾತು ಮೊದಲೇ ಹೇಳಿಡಬೇಕು. ತಗಡಿನ ಕಾರಿನಂತೆ ಬಿಸಿ ಕೋಣೆಯಲ್ಲಿಟ್ಟು ಬೇಯಿಸಕೂಡದು. ಹೊಸ ಫೈಬರಿಗೆ ಕೆಲವು ವಾರ ಆರಲು ಬಿಡಬೇಕು, ಇಲ್ಲದಿದ್ದರೆ ಕುಗ್ಗುತ್ತಾ ಹೋಗಿ ಒಳಗಿನ ಎಳೆಗಳ ಗುರುತು ಬಣ್ಣದ ಮೇಲೆ ಮೂಡುತ್ತದೆ.

ಇನ್ನೊಂದು ಮಾತು: ಬಾಡಿಗೆ ತುಕ್ಕಿಲ್ಲವೆಂದು ಡಾಲ್ಫಿನ್ ಇಟ್ಟವರು ಮೈಮರೆಯುತ್ತಾರೆ. ಅಡಿಯ ಚಾಸಿ ಉಕ್ಕಿನದು. ಬಾನೆಟ್ ಬಿಚ್ಚಿದ ದಿನವೇ ಕೆಳಗೆ ಟಾರ್ಚ್ ಹಾಕಿ ನೋಡಿದರೆ ಬೋಲ್ಟುಗಳ ಸುತ್ತ ತುಕ್ಕು ಹಬ್ಬಿತ್ತು. ಅದನ್ನು ತೆಗೆಸಲು ಹೋದ ದುಡ್ಡು ಮೂಗಿನ ರಿಪೇರಿಗಿಂತ ಜಾಸ್ತಿ.

ಅಚ್ಚು ನಮ್ಮ ಮನೆಯಲ್ಲೇ ಇದೆ. ಡಾಲ್ಫಿನ್ ಇಟ್ಟವರು ಯಾರು ಬೇಕಾದರೂ ಒಯ್ಯಬಹುದು, ವಾಪಸ್ ಕೊಡುವಾಗ ಮೇಣ ತಿಕ್ಕಿ ಕೊಡಬೇಕಷ್ಟೆ.