ಎಷ್ಟು ಸೈಕಲ್ ಸಾಕು? ಮಾದರಿಯನ್ನೇ ಕೇಳುವ ಯಂತ್ರ

ಅಮೆರಿಕದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 2013ರಲ್ಲಿ ಪ್ರಕಟಿಸಿದ ಅಟ್ಯಾಕ್-ಸೀಕ್ ಎಂಬ ವಿಧಾನದಲ್ಲಿ ಒಂದು ವಿಚಿತ್ರ ಹಂತವಿದೆ. ಜೀವಕೋಶದೊಳಗೆ ಡಿಎನ್‌ಎಯ ಯಾವ ಭಾಗ ಬಿಚ್ಚಿಕೊಂಡಿದೆ, ಯಾವುದು ಬಿಗಿಯಾಗಿ ಸುತ್ತಿಕೊಂಡಿದೆ ಎಂದು ಪತ್ತೆ ಮಾಡುವ ವಿಧಾನ ಇದು. ಸಿಗುವ ಡಿಎನ್‌ಎ ತೀರಾ ಕಡಿಮೆ, ಹಾಗಾಗಿ ಪಿಸಿಆರ್ ಮಾಡಿ ಹೆಚ್ಚಿಸಬೇಕು. ಆದರೆ ಐದು ಸೈಕಲ್ ಮುಗಿಯುತ್ತಲೇ ಪಿಸಿಆರ್ ನಡೆಸುವ ಯಂತ್ರವಾದ ಥರ್ಮೋಸೈಕ್ಲರ್ ನಿಲ್ಲಿಸಿ, ಟ್ಯೂಬಿನಿಂದ ಒಂದಿಷ್ಟು ದ್ರಾವಣ ತೆಗೆದು, ಹೊಳೆಯುವ ಬಣ್ಣ ಬೆರೆಸಿ, ಬೆಳಕು ಅಳೆಯಬಲ್ಲ ಇನ್ನೊಂದು ಯಂತ್ರದಲ್ಲಿ ಓಡಿಸುತ್ತಾರೆ. ಅಲ್ಲಿ ಹೊಳಪು ತನ್ನ ಗರಿಷ್ಠ ಮಟ್ಟದ ಮೂರರಲ್ಲೊಂದೋ ನಾಲ್ಕರಲ್ಲೊಂದೋ ಪಾಲು ಮುಟ್ಟಲು ಎಷ್ಟು ಸೈಕಲ್ ಬೇಕಾಯಿತೋ, ಮೂಲ ಟ್ಯೂಬಿಗೆ ಅಷ್ಟನ್ನೇ ಕೊಡುತ್ತಾರೆ. ಅಲ್ಲಿಯವರೆಗೆ ಅದು ತಣ್ಣಗೆ ಕಾಯುತ್ತಿರುತ್ತದೆ.

ಇಷ್ಟೆಲ್ಲ ಅವಸ್ಥೆ ಏಕೆ?

ಪಿಸಿಆರ್‌ನ ಲೆಕ್ಕ ಸರಳ. ಸುಮಾರು 95 ಡಿಗ್ರಿಯಲ್ಲಿ ಡಿಎನ್‌ಎಯ ಎರಡು ಎಳೆ ಬೇರೆಯಾಗುತ್ತವೆ, 50ರಿಂದ 65 ಡಿಗ್ರಿಯ ನಡುವೆ ಪ್ರೈಮರ್ ಎಂಬ ಪುಟ್ಟ ಡಿಎನ್‌ಎ ತುಣುಕು ಅಂಟುತ್ತದೆ, 72ರಲ್ಲಿ ಕಿಣ್ವ ಹೊಸ ಎಳೆ ಹೆಣೆಯುತ್ತದೆ. ಅಲ್ಲಿಗೆ ಒಂದು ಸೈಕಲ್. ಪ್ರತಿ ಸೈಕಲ್‌ಗೂ ಡಿಎನ್‌ಎ ಇಮ್ಮಡಿಯಾದರೆ, 30 ಸೈಕಲ್‌ಗೆ ಒಂದು ತುಣುಕು 107 ಕೋಟಿಯಾಗುತ್ತದೆ. ಇದು ಕಾಗದದ ಮೇಲಿನ ಮಾತು. ಟ್ಯೂಬಿನಲ್ಲಿ ಪ್ರೈಮರ್ ಮುಗಿಯುತ್ತದೆ, ಕಿಣ್ವ ದಣಿಯುತ್ತದೆ. ಆಮೇಲೂ ಓಡಿಸುತ್ತಲೇ ಹೋದರೆ ತುಣುಕುಗಳು ತಮ್ಮ ಜೋಡಿಯಲ್ಲದವುಗಳಿಗೆ ಅಂಟಿಕೊಳ್ಳುತ್ತವೆ. ಗಿಡ್ಡ ತುಣುಕುಗಳು ಉದ್ದದವನ್ನು ಹಿಂದೆ ಹಾಕುತ್ತವೆ. ಸೀಕ್ವೆನ್ಸಿಂಗ್ ಯಂತ್ರಕ್ಕೆ ಕೊಟ್ಟಾಗ ಅದು ಒಂದೇ ತುಣುಕಿನ ನಕಲುಗಳನ್ನು ಮತ್ತೆ ಮತ್ತೆ ಓದಿ ದುಡ್ಡು ದಂಡ ಮಾಡುತ್ತದೆ. ಕಡಿಮೆ ಓಡಿಸಿದರೋ, ಓದಲು ಸರಕೇ ಸಾಲದು.

ಒಂದೇ ಮಾದರಿಯಾದರೆ ಹೇಗೋ ಸಂಭಾಳಿಸಬಹುದು. ಪ್ಲೇಟಿನಲ್ಲಿ ಪುಟ್ಟ ಗುಳಿಗಳಂಥ 96 ವೆಲ್‌ಗಳಿದ್ದರೆ? ಒಂದರಲ್ಲಿ 1 ನ್ಯಾನೋಗ್ರಾಂ, ಪಕ್ಕದಲ್ಲಿ 100 ನ್ಯಾನೋಗ್ರಾಂ ಡಿಎನ್‌ಎ ಇದೆಯೆನ್ನಿ. ಇಮ್ಮಡಿಯ ಲೆಕ್ಕದಲ್ಲಿ ಈ ನೂರು ಪಟ್ಟಿನ ಅಂತರ ಆರೇಳು ಸೈಕಲ್‌ಗೆ ಸಮ. ಒಂದಕ್ಕೆ ಹದವಾದದ್ದು ಇನ್ನೊಂದಕ್ಕೆ ಅತಿ. ಆದರೆ 96 ವೆಲ್‌ಗಳೂ ಕುಳಿತಿರುವುದು ಒಂದೇ ಲೋಹದ ಬ್ಲಾಕ್ ಮೇಲೆ. ಇಡ್ಲಿ ಪಾತ್ರೆಯ ಕಥೆಯೇ ಇದೂ: ಹಬೆ ಎಲ್ಲಕ್ಕೂ ಒಂದೇ, ಮೊದಲು ಬೆಂದದ್ದನ್ನು ಬೇರೆ ಎತ್ತಿಡಲಾಗದು.

ಯಂತ್ರದ ಈ ಹಠಕ್ಕೆ ಇತಿಹಾಸವಿದೆ. 1983ರಲ್ಲಿ ಸೀಟಸ್ ಕಂಪನಿಯ ಕ್ಯಾರಿ ಮುಲ್ಲಿಸ್‌ಗೆ ಪಿಸಿಆರ್ ಹೊಳೆದ ಹೊಸತರಲ್ಲಿ ಮೂರು ಬಿಸಿನೀರಿನ ತೊಟ್ಟಿಗಳ ನಡುವೆ ಟ್ಯೂಬುಗಳನ್ನು ಕೈಯಲ್ಲೇ ಎತ್ತಿಡುತ್ತಿದ್ದರು. ಬಿಸಿಗೆ ಕಿಣ್ವ ಹಾಳಾಗುತ್ತಿದ್ದರಿಂದ ಪ್ರತಿ ಸೈಕಲ್‌ಗೂ ಹೊಸದಾಗಿ ಹಾಕಬೇಕಿತ್ತು. ಯೆಲ್ಲೋಸ್ಟೋನ್‌ನ ಬಿಸಿನೀರ ಬುಗ್ಗೆಗಳಲ್ಲಿ ಸಿಕ್ಕ ಬ್ಯಾಕ್ಟೀರಿಯಾದ ಟ್ಯಾಕ್ ಕಿಣ್ವ ಕುದಿಬಿಸಿಯನ್ನೂ ತಾಳಿಕೊಂಡಿತು. ಆಮೇಲೆ ಮನುಷ್ಯ ಪಕ್ಕದಲ್ಲಿ ನಿಲ್ಲಬೇಕಾಗಿ ಬರಲಿಲ್ಲ. ಅಂಕಿಗಳನ್ನು ತುಂಬು, ಗುಂಡಿ ಒತ್ತು, ಊಟಕ್ಕೆ ಹೋಗು. ಬರೆದಿಟ್ಟದ್ದನ್ನು ಚಾಚೂ ತಪ್ಪದೆ ಮಾಡುವುದೇ ಥರ್ಮೋಸೈಕ್ಲರ್‌ನ ದೊಡ್ಡ ಗುಣವೆನಿಸಿತು. 1991ರಲ್ಲಿ ಬಂದ ಟಚ್‌ಡೌನ್ ಪಿಸಿಆರ್‌ನಲ್ಲಿ ಪ್ರೈಮರ್ ಅಂಟುವ ಉಷ್ಣತೆ ಸೈಕಲ್‌ನಿಂದ ಸೈಕಲ್‌ಗೆ ಇಳಿಯುತ್ತದೆ ನಿಜ, ಆದರೆ ಆ ಇಳಿಕೆಯೂ ಮೊದಲೇ ಗೊತ್ತುಮಾಡಿದ್ದೇ.

ಈಗ ದ್ರಾವಣ ಎತ್ತಿ ಹಾಕುವ ರೋಬಾಟ್, ಮುಚ್ಚಳ ತಾನೇ ತೆರೆಯುವ ಥರ್ಮೋಸೈಕ್ಲರ್, ಎರಡನ್ನೂ ನಡೆಸುವ ಸಾಫ್ಟ್‌ವೇರ್ ಒಂದೇ ಮೇಜಿನ ಮೇಲಿವೆ. ನ್ಯೂಯಾರ್ಕ್‌ನ ಓಪನ್‌ಟ್ರಾನ್ಸ್ ಕಂಪನಿಯ ರೋಬಾಟ್‌ಗಳಿಗೆ ಪ್ರೋಟೋಕಾಲ್ ಬರೆಯುವುದು ಪೈಥಾನ್ ಭಾಷೆಯಲ್ಲಿ. ಪೈಥಾನ್ ಎಂದಮೇಲೆ ‘ಹೀಗಾದರೆ ಹೀಗೆ ಮಾಡು’ ಎಂದು ಎರಡು ಸಾಲು ಸೇರಿಸಿದರಾಯಿತು ಅನ್ನಿಸುತ್ತದೆ. ತೊಡಕು ಇರುವುದು ಅಲ್ಲೇ. ರೋಬಾಟ್ ಕೈ ಆಡಿಸುವ ಮುಂಚೆ ಸಾಫ್ಟ್‌ವೇರ್ ಇಡೀ ಪ್ರೋಟೋಕಾಲನ್ನು ಒಮ್ಮೆ ತಾಲೀಮು ನಡೆಸುತ್ತದೆ: ಯಾವ ಟಿಪ್ ಎಲ್ಲಿಂದ, ಯಾವ ಪ್ಲೇಟ್ ಎಲ್ಲಿಗೆ. ಆ ತಾಲೀಮಿನಲ್ಲಿ ನಿಜವಾದ ಡಿಎನ್‌ಎಯೂ ಇಲ್ಲ, ಹೊಳಪೂ ಇಲ್ಲ. ಅಳತೆ ಬಂದಮೇಲಷ್ಟೇ ಗೊತ್ತಾಗುವ ದಾರಿಯನ್ನು ಮೊದಲೇ ನಡೆದು ನೋಡುವುದು ಹೇಗೆ? ಹುಸಿ ಅಳತೆ ಕೊಟ್ಟು ತಾಲೀಮು ದಾಟಿಸಬಹುದು. ಆಗ ಪರೀಕ್ಷೆಯಾಗುವುದು ಒಂದು ದಾರಿ ಮಾತ್ರ, ಉಳಿದವು ಕತ್ತಲಲ್ಲೇ. 2024ರಲ್ಲಿ ಕಂಪನಿ ತಂದ ಸೌಲಭ್ಯದಿಂದ ಕೋಡ್ ಮುಟ್ಟದೆಯೇ ಸೈಕಲ್‌ಗಳ ಸಂಖ್ಯೆ, ಮಾದರಿಗಳ ಸಂಖ್ಯೆ ಬದಲಿಸಬಹುದು. ಆದರೆ ಅದೂ ರನ್ ಶುರುವಾಗುವ ಮೊದಲು. ಅರ್ಧ ದಾರಿಯ ರಾಜಿ ಅನ್ನಬೇಕು.

ಇನ್ನೊಂದು ಹಾದಿ ಬ್ಲಾಕನ್ನೇ ಒಡೆಯುವುದು. ಕ್ಯಾಲಿಫೋರ್ನಿಯಾದ ಎನ್6 ಕಂಪನಿಯ ಐಕಾನ್‌ಪಿಸಿಆರ್‌ನಲ್ಲಿ 96 ವೆಲ್‌ಗಳಿಗೂ ಬಿಸಿ-ತಂಪು ಪ್ರತ್ಯೇಕ. ತನ್ನ ಹೊಳಪು ಗೊತ್ತುಮಾಡಿದ ಮಟ್ಟ ಮುಟ್ಟಿದ ವೆಲ್ ಅಲ್ಲಿಗೇ ನಿಲ್ಲುತ್ತದೆ. ಸ್ಟ್ಯಾನ್‌ಫೋರ್ಡ್‌ನವರು ಟ್ಯೂಬ್ ತೆರೆದು ಮಾಡುತ್ತಿದ್ದ ಕೆಲಸ ಟ್ಯೂಬ್ ತೆರೆಯದೆಯೇ ಆಗುತ್ತದೆ.

ಸಂಶೋಧನಾಲಯದಲ್ಲಿ ಸರಿ, ರೋಗಪರೀಕ್ಷೆಯಲ್ಲಿ ಯಂತ್ರಕ್ಕೆ ಇಷ್ಟು ಸ್ವಾತಂತ್ರ್ಯ ಕೊಡಬಹುದೇ ಎಂಬ ಅನುಮಾನ ಸಹಜ. ಉತ್ತರ ನಮ್ಮ ಆಸ್ಪತ್ರೆಗಳಲ್ಲೇ ಇದೆ. ಕರ್ನಾಟಕದಲ್ಲೂ ಕ್ಷಯ ಪತ್ತೆಗೆ ಬಳಸುವ, ಎಲ್ಲರೂ ಸಿಬಿನ್ಯಾಟ್ ಎನ್ನುವ ಜೀನ್‌ಎಕ್ಸ್‌ಪರ್ಟ್ ಯಂತ್ರದಲ್ಲಿ ಒಂದೊಂದು ಮಾಡ್ಯೂಲೂ ಸ್ವತಂತ್ರ. ಅದೇ ಯಂತ್ರಕ್ಕೆ ಬಂದ ತ್ವರಿತ ಕೋವಿಡ್ ಪರೀಕ್ಷೆ ಪೂರ್ತಿ ಓಡಿದರೆ ಸುಮಾರು 45 ನಿಮಿಷ. ವೈರಸ್ ಸ್ಪಷ್ಟವಾಗಿ ಕಂಡುಬಂದರೆ ಸುಮಾರು 30 ನಿಮಿಷಕ್ಕೇ ನಿಲ್ಲಿಸಿ ಪಾಸಿಟಿವ್ ಎಂದು ಹೇಳುವ ಆಯ್ಕೆ ಅದರಲ್ಲಿದೆ. ನೆಗೆಟಿವ್ ಎನ್ನಲು ಮಾತ್ರ ಕೊನೆಯವರೆಗೂ ಓಡಲೇಬೇಕು.

ಇಲ್ಲಿ ಸೈಕಲ್‌ಗಳ ಸಂಖ್ಯೆ ರೋಗಿಯಿಂದ ರೋಗಿಗೆ ಬದಲಾಗುತ್ತದೆ, ನಿಲ್ಲಿಸುವ ನಿಯಮ ಬದಲಾಗುವುದಿಲ್ಲ. ಆ ನಿಯಮವನ್ನು ಕಂಪನಿ ಮೊದಲೇ ಪರೀಕ್ಷಿಸಿ ಕಿಟ್‌ನೊಳಗೆ ಬೀಗ ಹಾಕಿಟ್ಟಿರುತ್ತದೆ. ನಿಯಮ ಬದಲಿಸಿದರೆ ಏನಾದೀತು ಎಂಬುದಕ್ಕೆ ಕೋವಿಡ್ ಕಾಲದ ಸಿಟಿ ವ್ಯಾಲ್ಯೂ (ಹೊಳಪು ಗೆರೆ ದಾಟಿದ ಸೈಕಲ್‌ನ ಸಂಖ್ಯೆ) ದಿನಗಳನ್ನು ನೆನೆದರೆ ಸಾಕು. ಪಾಸಿಟಿವ್ ಎನ್ನಲು ಇದ್ದ 35 ಎಂಬ ಮಿತಿಯನ್ನು 24ಕ್ಕೆ ಇಳಿಸಬಹುದೇ ಎಂದು 2021ರಲ್ಲಿ ಮಹಾರಾಷ್ಟ್ರ ಕೇಳಿದಾಗ ಐಸಿಎಂಆರ್ ಒಪ್ಪಲಿಲ್ಲ. ಇಳಿಸಿದ್ದರೆ ಸೋಂಕು ಹರಡಬಲ್ಲ ಎಷ್ಟೋ ಮಂದಿ ಆ ಮಿತಿಯಾಚೆ ತಪ್ಪಿಹೋಗುತ್ತಿದ್ದರು.

ಸ್ವಂತ ಸ್ಕ್ರಿಪ್ಟ್ ಬರೆದುಕೊಳ್ಳುವ ಸಂಶೋಧನಾಲಯಗಳು ಸಾಮಾನ್ಯವಾಗಿ ಎಡವುವುದು ಇಲ್ಲೇ. ಸೈಕಲ್ ಸಂಖ್ಯೆಯನ್ನು ಯಂತ್ರಕ್ಕೆ ಬಿಟ್ಟರೆ ಸಾಲದು. ಯಾವ ವೆಲ್ ಎಷ್ಟನೇ ಸೈಕಲ್‌ಗೆ, ಯಾವ ಅಳತೆ ನೋಡಿ ನಿಂತಿತು ಎಂಬುದು ಫಲಿತಾಂಶದ ಜೊತೆಗೇ ದಾಖಲಾಗಬೇಕು. ಎಲ್ಲ ವೆಲ್‌ಗಳೂ ಒಂದೇ ಮಟ್ಟಕ್ಕೆ ಬಂದು ನಿಂತಮೇಲೆ ಯಾವುದರಲ್ಲಿ ಮೊದಲು ಎಷ್ಟು ಡಿಎನ್‌ಎ ಇತ್ತು ಎಂಬ ಸುಳಿವು ಉಳಿಯುವುದು ಆ ಸಂಖ್ಯೆಯಲ್ಲೇ.

ಇನ್ನು ಪ್ಲೇಟಿನ ಮೂಲೆಯಲ್ಲಿ ಡಿಎನ್‌ಎ ಹಾಕದೆ ಬರೀ ನೀರು ಬಿಟ್ಟ ವೆಲ್ ಒಂದಿರುತ್ತದೆ, ಕಲಬೆರಕೆ ಹಿಡಿಯಲು. ‘ಹೊಳಪು ಬರುವವರೆಗೆ ಓಡಿಸು’ ಎಂದಷ್ಟೇ ಬರೆದಿಟ್ಟರೆ ಯಂತ್ರ ಈ ವೆಲ್‌ಗಾಗಿ ನಿಲ್ಲದೆ ಓಡುತ್ತದೆ. ಕೊನೆಗೆ ಪ್ರೈಮರ್‌ಗಳೇ ಒಂದಕ್ಕೊಂದು ಅಂಟಿ, ಬೆಳೆದು, ಹೊಳೆಯತೊಡಗುತ್ತವೆ. ಸಾಫ್ಟ್‌ವೇರ್ ಅದನ್ನೂ ಗೆದ್ದ ವೆಲ್‌ಗಳ ಪಟ್ಟಿಗೆ ಸೇರಿಸುತ್ತದೆ. ಅನುಭವಿಗಳು ಅದಕ್ಕೇ ಲೂಪ್ ಬರೆಯುವಾಗ ಮೊದಲು ಬರೆಯುವುದು ಗರಿಷ್ಠ ಸೈಕಲ್ ಎಷ್ಟು ಎಂಬ ಸಾಲನ್ನು.