ಆಕ್ಸಿಜನ್ ಹಚ್ಚಿದ ಮೇಲೆ ಸಿಸ್ಟರ್ ನೋಡುವುದೇನು?

ಕಮಲಾಪುರದಿಂದ ದಮ್ಮಿನ ಪೇಷಂಟ್‌ನನ್ನು ಕಲಬುರಗಿಯ ಜಿಮ್ಸ್‌ಗೋ ಇಎಸ್‌ಐ ಆಸ್ಪತ್ರೆಗೋ ಕರೆತಂದ ಮನೆಯವರು ವಾರ್ಡಿನಲ್ಲಿ ಮತ್ತೆ ಮತ್ತೆ ಕೇಳಿಕೊಳ್ಳುತ್ತಾರೆ: “ಸಿಸ್ಟರ್, ಆಕ್ಸಿಜನ್ ಇನ್ನಷ್ಟು ಜಾಸ್ತಿ ಬಿಡ್ರಿ, ಜಲ್ದಿ ಆರಾಮ ಆಗ್ತದ.” ಅವರ ಕಳವಳ ನಿಜ, ನಂಬಿಕೆ ತಪ್ಪು. ಕೆಲವರಿಗಂತೂ ಅದು ಜೀವಕ್ಕೇ ಎರವಾಗಬಹುದು.

ಆಕ್ಸಿಜನ್ ಒಂದು ಔಷಧ, ಅದಕ್ಕೂ ಅಳತೆಯಿದೆ. ಸಾಮಾನ್ಯ ರೋಗಿಗೆ ರಕ್ತದ ಆಕ್ಸಿಜನ್ ಮಟ್ಟ ಶೇ 94ರಿಂದ 98 ಇದ್ದರೆ ಸಾಕು. ಸೌದೆ ಒಲೆಯ ಹೊಗೆ, ಬೀಡಿ, ಕಲ್ಲುಗಣಿಯ ಧೂಳು ಇವುಗಳಿಂದ ವರ್ಷಗಟ್ಟಲೆ ಶ್ವಾಸಕೋಶ ಸವೆದ ಸಿಒಪಿಡಿ ರೋಗಿಗಳ ಲೆಕ್ಕ ಬೇರೆ. ಅವರಲ್ಲಿ ಹಲವರಿಗೆ ಗುರಿ ಶೇ 88ರಿಂದ 92 ಮಾತ್ರ. ಅದನ್ನು ಮೀರಿ ಕೊಟ್ಟರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿ ರೋಗಿ ಮಂಪರಿಗೆ ಜಾರಬಹುದು. ಮನೆಯವರು “ಪಾಪ, ಈಗ ನಿದ್ದಿ ಹತ್ಯಾದ” ಎಂದು ಸಮಾಧಾನಪಡುವ ಹೊತ್ತು ಅದೇ. ನರ್ಸ್ ಬಂದು ಭುಜ ತಟ್ಟಿ ಎಬ್ಬಿಸಿ, ಹೆಸರು ಕೇಳಿ, ಉಸಿರು ಎಣಿಸುವುದು ಅದಕ್ಕೇ. ಕಿರಿಕಿರಿ ಎಂದು ಅವರನ್ನು ತಡೆಯಬೇಡಿ.

ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ಆಂಬುಲೆನ್ಸ್ ಹತ್ತಿದ 405 ರೋಗಿಗಳ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ದಮ್ಮಿನ ರೋಗಿಗಳಿಗೆ ಧಾರಾಳವಾಗಿ ಆಕ್ಸಿಜನ್ ಬಿಟ್ಟ ಗುಂಪಿನಲ್ಲಿ ಶೇ 9ರಷ್ಟು ಜನ ತೀರಿಕೊಂಡರು, ಅಳೆದು ಕೊಟ್ಟ ಗುಂಪಿನಲ್ಲಿ ಶೇ 4ರಷ್ಟು. ಹುಮನಾಬಾದ್ ರಸ್ತೆಯಲ್ಲಿ ಬರುವ 108ರ ರೋಗಿಗೂ ಈ ಮಾತು ಅನ್ವಯಿಸುತ್ತದೆ.

ಹಾಗೆಂದು ನೀವೇ ಕೀಲಿ ತಿರುಗಿಸಿ ಕಡಿಮೆ ಮಾಡುವುದೂ ತಪ್ಪು. ಸಾದಾ ಮಾಸ್ಕಿಗೆ ನಿಮಿಷಕ್ಕೆ 5 ಲೀಟರಿಗಿಂತ ಕಡಿಮೆ ಹರಿಸಿದರೆ, ಹೊರಬಿಟ್ಟ ಉಸಿರೇ ಅದರೊಳಗೆ ಉಳಿದು ಮತ್ತೆ ಒಳಗೆ ಹೋಗುತ್ತದೆ. ಊಟ ಮಾಡಿಸಲು ಮಾಸ್ಕ್ ತೆಗೆಯಬೇಕಿದ್ದರೆ ಮೊದಲು ನರ್ಸ್‌ಗೆ ಹೇಳಿ. ಆಗುವಂತಿದ್ದರೆ ಅಷ್ಟು ಹೊತ್ತು ಮೂಗಿಗೆ ನಳಿಕೆ ಹಾಕುತ್ತಾರೆ.

“ಬೆರಳಿನ ಮಷೀನ್ 98 ತೋರಸ್ಲಿಕ್ಕತ್ತದ, ಮತ್ಯಾಕ ಚಿಂತಿ?” ಕೋವಿಡ್ ಕಾಲದಲ್ಲಿ ಆಕ್ಸಿಮೀಟರ್ ಮನೆಮನೆಗೆ ಬಂದ ಮೇಲೆ ಈ ನಂಬಿಕೆ ಗಟ್ಟಿಯಾಗಿದೆ. ಆ ಮಷೀನ್ ಹಿಮೋಗ್ಲೋಬಿನ್‌ನಲ್ಲಿ ಆಕ್ಸಿಜನ್ ಎಷ್ಟು ಪಾಲು ತುಂಬಿದೆ ಎಂದಷ್ಟೇ ಹೇಳುತ್ತದೆ. ಇಂಗಾಲದ ಡೈಆಕ್ಸೈಡ್ ಏರಿದ್ದು ಅದಕ್ಕೆ ಕಾಣದು, ರಕ್ತವೇ ಕಡಿಮೆ ಇರುವುದೂ ಕಾಣದು. ಬೆರಳು ತಣ್ಣಗಿದ್ದರೆ, ಉಗುರಿಗೆ ಬಣ್ಣವಿದ್ದರೆ, ಬಿಪಿ ಇಳಿದಿದ್ದರೆ ಅಂಕಿಯೇ ತಪ್ಪಬಹುದು. ನಿಮಿಷಕ್ಕೆ 12ರಿಂದ 20 ಇರಬೇಕಾದ ಉಸಿರು 30 ದಾಟಿದ್ದರೆ ಮಷೀನಿನ ಒಳ್ಳೆಯ ಅಂಕಿಯನ್ನು ನಂಬಿ ಕೂರುವಂತಿಲ್ಲ.

ಆಕ್ಸಿಜನ್ ಹಾಯುವ ನೀರಿನ ಬಾಟಲಿಯಲ್ಲಿ ಗುಳ್ಳೆ ಬಂದರೆ ರೋಗಿಗೆ ಆಕ್ಸಿಜನ್ ಮುಟ್ಟುತ್ತಿದೆ ಎಂದೂ ಅಲ್ಲ. ಪೈಪು ಮಾಸ್ಕಿನಿಂದ ಕಳಚಿ ಬಿದ್ದರೂ ಗುಳ್ಳೆ ಏಳುತ್ತಲೇ ಇರುತ್ತವೆ. ಆ ಬಾಟಲಿಗೆ ಕುಡಿಯುವ ನೀರು ಸುರಿಯಬೇಡಿ, ಸೂಕ್ಷ್ಮಾಣುಮುಕ್ತ (ಸ್ಟೆರೈಲ್) ನೀರನ್ನೇ ಹಾಕಬೇಕು. ಒಣಗಿದ ತುಟಿಗೆ ವ್ಯಾಸಲೀನ್ ಬೇಡ, ಹತ್ತಿರದಲ್ಲಿ ಕಡ್ಡಿ ಗೀರುವುದಂತೂ ಬೇಡವೇ ಬೇಡ. ಆಕ್ಸಿಜನ್ ಇರುವಲ್ಲಿ ಬೆಂಕಿ ಬಲು ಬೇಗ ಹಬ್ಬುತ್ತದೆ.

ಇನ್ನೊಂದು ಹೆದರಿಕೆ: “ಆಕ್ಸಿಜನ್ ಹಚ್ಚಿದ್ರಂದ್ರ ಮುಗೀತು.” ದೇಶದ ಮೊದಲ ಕೋವಿಡ್ ಸಾವು, 2020ರ ಮಾರ್ಚ್‌ನಲ್ಲಿ, ಕಲಬುರಗಿಯವರದೇ. ಆ ದಿನಗಳ ಭಯ ಈ ಊರಿನಲ್ಲಿ ಉಳಿದಿದ್ದರೆ ಆಶ್ಚರ್ಯವಿಲ್ಲ. ಆದರೆ ನ್ಯುಮೋನಿಯಾ, ದಮ್ಮು ಬಂದ ಎಷ್ಟೋ ಜನರಿಗೆ ಕೆಲವು ದಿನ ಕೊಟ್ಟು, ನರ್ಸ್ ಲೀಟರ್ ಲೀಟರಾಗಿ ಇಳಿಸುತ್ತ, ಪ್ರತಿ ಸಲ ಉಸಿರು ನೋಡುತ್ತ ಕೊನೆಗೆ ತೆಗೆದುಬಿಡುತ್ತಾರೆ. ಅದು ಚಟವಾಗುವುದಿಲ್ಲ.

ಕಮಲಾಪುರದಿಂದ ಹೊರಡುವಾಗ ಮೂರು ವಿಷಯ ಬರೆಸಿಕೊಂಡು ಬನ್ನಿ: ಎಷ್ಟು ಲೀಟರ್ ಬಿಟ್ಟಿದ್ದರು, ಎಷ್ಟು ಗಂಟೆಗೆ ಶುರುಮಾಡಿದರು, ರೋಗಿಗೆ ಮೊದಲಿನಿಂದ ದಮ್ಮು ಇತ್ತೇ. ಕಲಬುರಗಿಯ ನರ್ಸ್ ಕೇಳುವ ಮೊದಲ ಪ್ರಶ್ನೆಗಳು ಇವೇ.